ಭೀಮೆಯ ಕಲ್ಲಿಗಂಟಿದ ಮೀನು



ಕಳೆದ ಬೇಸಿಗೆಯ ರಜೆಗೆ ಬಂದಿದ್ದ ಮೊಮ್ಮಗನು ಒಂದು ಪ್ರಶ್ನೆ ಕೇಳಿದನು: "ಅಜ್ಜಾ, ಗಾಜಿನ ತೊಟ್ಟಿಯ ಪಾಚಿ ತಿನ್ನುವ ಸಕ್ಕರ್ ಮೀನು ನಮ್ಮ ಹೊಳ್ಯಾಗೂ ಅದ ಏನು?" ಮೂವತ್ತೈದು ವರ್ಷ ಪಾಠ ಹೇಳಿದ ನನಗೆ ಈ ಪ್ರಶ್ನೆ ಹಳೆಯ ಎರಡು ತಪ್ಪುಗಳನ್ನು ನೆನಪಿಸಿತು. ಅವುಗಳ ನಡುವೆ ಒಂದು ದೊಡ್ಡ ಚರಿತ್ರೆಯೂ ಇದೆ. ಅದನ್ನು ನಿಮ್ಮ ಮುಂದಿಡುತ್ತೇನೆ.

ಯಾದಗಿರಿಯು ಆಗ ಗುಲಬರ್ಗಾ ಜಿಲ್ಲೆಯ ಒಂದು ತಾಲೂಕು. ಬೇಸಿಗೆಯಲ್ಲಿ ಭೀಮೆ ಬಡವಾಗಿ, ಬಂಡೆಗಳ ಸಂದಿನಲ್ಲಿ ಮಾತ್ರ ಹರಿಯುವಳು. ಒಂದು ಶನಿವಾರ ಏಳನೆಯ ತರಗತಿಯ ಹುಡುಗನೊಬ್ಬ ಪೆಪ್ಪರಮಿಂಟಿನ ಗಾಜಿನ ಬರಣಿಯಲ್ಲಿ ನೀರು, ಒಂದು ಕಲ್ಲು, ಬೆರಳುದ್ದದ ಕಂದುಬಣ್ಣದ ಮೀನೊಂದನ್ನು ಹಿಡಿದು ತಂದನು. "ಸರ್, ಇದು ಕಲ್ಲಿಗೆ ಹತ್ತಿ ಕುಂತದ್ರಿ. ಎಬ್ಬಿಸಿದ್ರ ಏಳವಲ್ದು" ಎಂದನು. ತರಗತಿಯೆಲ್ಲ ಮುತ್ತಿಕೊಂಡಿತು. ನಾನು ಅದನ್ನು ಕಿಟಕಿಯ ಮೇಲಿಡಿಸಿ, ಸೋಮವಾರ ಪಾಠ ಮಾಡೋಣವೆಂದೆ. ಸೋಮವಾರ ಮೀನು ಸತ್ತು ತೇಲುತ್ತಿತ್ತು. ಹುಡುಗನು ಏನೂ ಆಡದೆ ಬರಣಿಯನ್ನು ಎತ್ತಿಕೊಂಡು ಹೋದನು. ಅದು ನನ್ನ ಮೊದಲನೆಯ ತಪ್ಪು. ಹರಿಯುವ ನೀರಿನ ಜೀವಕ್ಕೆ ನಿಂತ ನೀರು ಉಸಿರುಗಟ್ಟಿಸುತ್ತದೆ ಎಂಬುದು ನನಗೆ ತಿಳಿದಿರಲಿಲ್ಲ.

ಆ ಮೀನಿನ ಕುಲನಾಮ ಗಾರಾ. ಈ ಹೆಸರನ್ನು ವಿಜ್ಞಾನಕ್ಕೆ ಕೊಟ್ಟವನು ಫ್ರಾನ್ಸಿಸ್ ಬುಕಾನನ್ ಹ್ಯಾಮಿಲ್ಟನ್, 1822ರಲ್ಲಿ, ಗಂಗಾನದಿಯ ಮೀನುಗಳ ಕುರಿತ ತನ್ನ ಗ್ರಂಥದಲ್ಲಿ. ಟಿಪ್ಪುವಿನ ಪತನದ ತರುವಾಯ, 1800 ಮತ್ತು 1801ರಲ್ಲಿ, ಮೈಸೂರು, ಕನ್ನಡ ಜಿಲ್ಲೆ, ಮಲಬಾರುಗಳನ್ನು ಸುತ್ತಿ ವರದಿ ಬರೆದ ಬುಕಾನನ್ ಈತನೇ. ಚರಿತ್ರೆಯ ಪಾಠದಲ್ಲಿ ನೀವು ಕೇಳಿದ ಹೆಸರು.

ದಖ್ಖನ್ನಿನ ಗಾರಾ ಮೀನಿಗೆ ಹೆಸರು ಸಿಕ್ಕಿದ್ದು 1839ರಲ್ಲಿ. ಮುಂಬಯಿ ಸರಕಾರದ ಅಂಕಿ-ಅಂಶ ಅಧಿಕಾರಿಯಾಗಿದ್ದ ವಿಲಿಯಂ ಹೆನ್ರಿ ಸೈಕ್ಸ್ ಎಂಬ ಸೈನಿಕನು ಹಳ್ಳಿಗಳ ಲೆಕ್ಕದ ಜೊತೆಗೆ ಹಕ್ಕಿ, ಮೀನುಗಳ ಲೆಕ್ಕವನ್ನೂ ಬರೆದನು. ಭೀಮೆ ಹಾಗೂ ಅದರ ಉಪನದಿಗಳ ಮೀನುಗಳನ್ನು ವರ್ಣಿಸುವಾಗ ಮರಾಠಿ ಜನರು ಕರೆಯುತ್ತಿದ್ದ 'ಮುಲ್ಯ' ಎಂಬ ಹೆಸರನ್ನೇ ಇದಕ್ಕೆ ಉಳಿಸಿದನು. ಇಂದಿಗೂ ಇದು ಗಾರಾ ಮುಲ್ಯ. ಬಲೆ ಬೀಸುವವನ ಬಾಯಿಯ ಮಾತು ಜಗತ್ತಿನ ಪುಸ್ತಕಗಳಲ್ಲಿ ನಿಂತಿತು. ಮೀನು ಹಿಡಿದುಕೊಟ್ಟವನ ಹೆಸರು ಮಾತ್ರ ನಿಲ್ಲಲಿಲ್ಲ.

ಗಾರಾ ಕುಲದ ಭಾರತೀಯ ಮೀನುಗಳನ್ನೆಲ್ಲ ಒಟ್ಟುಗೂಡಿಸಿ 1921ರಲ್ಲಿ ಪರಿಶೀಲಿಸಿದವರು ಸುಂದರ್ ಲಾಲ್ ಹೋರಾ. ಇವರು ಮುಂದೆ ಭಾರತೀಯ ಪ್ರಾಣಿ ಸರ್ವೇಕ್ಷಣಾ ಸಂಸ್ಥೆಯ ನಿರ್ದೇಶಕರಾದರು. ಇವರೇ 1951ರಲ್ಲಿ ನಮ್ಮ ಕಲ್ಯಾಣದ ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರನ 'ಮಾನಸೋಲ್ಲಾಸ'ದಲ್ಲಿರುವ ಮತ್ಸ್ಯವಿನೋದದ ಭಾಗವನ್ನು ಕುರಿತು ಬರೆದರು. ಹನ್ನೆರಡನೆಯ ಶತಮಾನದ ಆ ಅರಸನು ಮೀನುಗಳ ಬಗೆಗಳನ್ನೂ, ಅವುಗಳಿಗೆ ಹಾಕುವ ಆಹಾರವನ್ನೂ ಹೇಳಿದ್ದಾನೆ. ಮೀನನ್ನು ಗಮನಿಸುವ ಬುದ್ಧಿ ನಮ್ಮ ನಾಡಿಗೆ ಪರದೇಶದಿಂದ ಬಂದುದಲ್ಲ.

ಗಾಜಿನ ತೊಟ್ಟಿ ಮಾತ್ರ ಹೊರಗಿನಿಂದ ಬಂದಿತು. ಲಂಡನ್ನಿನ ಪ್ರಾಣಿ ಸಂಗ್ರಹಾಲಯದಲ್ಲಿ ಸಾರ್ವಜನಿಕರಿಗಾಗಿ ಮೊದಲ ಮೀನುಮನೆ ತೆರೆದದ್ದು 1853ರಲ್ಲಿ. ಸುರಪುರದಲ್ಲಿ ಮೆಡೋಸ್ ಟೇಲರ್ ಸಾಹೇಬನು ಹನ್ನೆರಡು ವರ್ಷಗಳ ಆಡಳಿತವನ್ನು ಯುವರಾಜ ವೆಂಕಟಪ್ಪ ನಾಯಕನಿಗೆ ಒಪ್ಪಿಸಿ ಹೊರಟದ್ದೂ ಅದೇ ವರ್ಷ. ಟೇಲರನ ಆಸ್ಥೆಯಿದ್ದುದು ಕೆರೆಗಳ ಮೇಲೆ. ಆತನು ಕೆಲಸ ಮಾಡಿಸಿದ ಬೋನಾಳ ಕೆರೆ ಇಂದು ಪಕ್ಷಿಧಾಮವಾಗಿದೆ. ಸುರಪುರ, ಶಹಾಪುರದ ನಮ್ಮ ಹಿರಿಯರಿಗೆ ತೊಟ್ಟಿಯೆಂದರೆ ದನ ನೀರು ಕುಡಿಯುವ ಕಲ್ಲಿನ ತೊಟ್ಟಿ. ಮೀನು ನೋಡಬೇಕೆಂದರೆ ಕೆರೆಯ ಮೆಟ್ಟಿಲಿನ ಮೇಲೆ ಕೂಡಬೇಕು.

ಇನ್ನು ನನ್ನ ಎರಡನೆಯ ತಪ್ಪು. ನಿವೃತ್ತಿಯಾದ ಹೊಸತರಲ್ಲಿ ಮನೆಗೆ ಒಂದು ಅಕ್ವೇರಿಯಂ ತಂದೆವು. ಅಂಗಡಿಯವನು ಪಾಚಿ ತೊಳೆಯಲೆಂದು ಒಂದು ಸಕ್ಕರ್ ಮೀನು ಕೊಟ್ಟನು. ಅದು ನಮ್ಮ ಗಾರಾ ಅಲ್ಲ, ದಕ್ಷಿಣ ಅಮೆರಿಕದ ನದಿಗಳಿಂದ ಬಂದದ್ದು. ಎರಡರ ಭೇದವನ್ನು ಸುಲಭವಾಗಿ ಕಾಣಬಹುದು. ಪರದೇಶದ ಮೀನಿಗೆ ಬಾಯಿಯೇ ಅಂಟುವ ಬಟ್ಟಲು, ಮೈಮೇಲೆ ಗಟ್ಟಿ ಎಲುಬಿನ ಕವಚ. ಗಾರಾಕ್ಕೆ ಕೆಳತುಟಿಯ ಹಿಂದೆ ಮೆತ್ತನೆಯ ಮಾಂಸದ ಬಿಲ್ಲೆಯಿರುತ್ತದೆ, ಮೈಮೇಲೆ ಸಾಧಾರಣ ಹುರುಪೆ. ಗಾರಾ ಮುಲ್ಯ ಗೇಣುದ್ದಕ್ಕಿಂತ ಹೆಚ್ಚು ಬೆಳೆಯುವುದಿಲ್ಲ. ಪರದೇಶದ್ದು ಮೊಳದುದ್ದವಾಗುತ್ತದೆ.

ನಮ್ಮದೂ ಹಾಗೆಯೇ ಬೆಳೆಯಿತು, ತೊಟ್ಟಿ ಸಾಲದಾಯಿತು. ಕೊಲ್ಲಲು ಮನಸ್ಸು ಬಾರದೆ, ಪುಣ್ಯದ ಕೆಲಸವೆಂದು ತಿಳಿದು, ಬಕೆಟ್ಟಿನಲ್ಲಿ ಒಯ್ದು ಹತ್ತಿರದ ಕೆರೆಗೆ ಬಿಟ್ಟುಬಂದೆನು. ಈ ಮೀನು ದಡದಲ್ಲಿ ಬಿಲ ತೋಡುತ್ತದೆ, ಗಾಳಿಯನ್ನೂ ನುಂಗಿ ಉಸಿರಾಡುತ್ತದೆ, ತನ್ನ ಮುಳ್ಳಿನಿಂದ ಬಲೆ ಹರಿಯುತ್ತದೆ ಎಂದು ಅನಂತರ ಓದಿ ತಿಳಿದೆನು. ಕೇರಳ, ತಮಿಳುನಾಡು, ಆಂಧ್ರ, ಬಂಗಾಳಗಳ ಜಲಾಶಯಗಳಲ್ಲಿ ಇದು ಈಗಾಗಲೇ ನೆಲೆಯೂರಿದೆ. ಅಲ್ಲಿಗೆ ತಲುಪಿದ್ದು ನನ್ನಂಥವರ ಬಕೆಟ್ಟುಗಳಿಂದಲೇ. ಒಂಟಿ ಮೀನು ಮರಿ ಮಾಡಲಾರದು ಎಂದು ಮನಸ್ಸಿಗೆ ಹೇಳಿಕೊಳ್ಳುತ್ತೇನೆ. ಆದರೆ ಹಾಗೆ ಬಿಟ್ಟವನು ನಾನೊಬ್ಬನೇ ಎಂಬ ಭರವಸೆ ಎಲ್ಲಿದೆ?

ಮೊಮ್ಮಗನು ಹಟ ಮಾಡಿದ್ದರಿಂದ ಗಾರಾ ಸಾಕುವ ಕ್ರಮವನ್ನೂ ಕಲಿತೆನು. ತೊಟ್ಟಿ ಎತ್ತರಕ್ಕಿಂತ ಉದ್ದವಾಗಿರಬೇಕು. ನೀರು ಒಂದು ಬದಿಯಿಂದ ಬಿರುಸಾಗಿ ಹರಿಯುವಂತೆ ಪಂಪು ಬೇಕು. ನುಣುಪಾದ ಹೊಳೆಗಲ್ಲು, ಅದರ ಮೇಲೆ ಪಾಚಿ ಬೆಳೆಯುವಷ್ಟು ಬೆಳಕು ಬೇಕು. ಭದ್ರವಾದ ಮುಚ್ಚಳ ಅತ್ಯಗತ್ಯ, ಏಕೆಂದರೆ ಇದು ತೊಯ್ದ ಗಾಜನ್ನು ಹತ್ತಿ ಹೊರಬೀಳಬಲ್ಲುದು. ಒಂದು ಜಾಗದ ಮೀನನ್ನು ಇನ್ನೊಂದು ಜಾಗದ ನೀರಿಗೆ ಎಂದೂ ಬಿಡಬಾರದು.

ಇಷ್ಟೆಲ್ಲ ಹೇಳಿ ಮುಗಿಸಿದ ಮೇಲೆ ಮೊಮ್ಮಗನನ್ನು ಭೀಮೆಗೇ ಕರೆದೊಯ್ದೆನು. ಮೊಣಕಾಲುದ್ದ ನೀರಿನಲ್ಲಿ ನಿಂತೆವು. ಸ್ವಲ್ಪ ಹೊತ್ತಿಗೆ ಸಣ್ಣ ಮೀನುಗಳು ಬಂದು ಪಾದ ಮುಟ್ಟಿದವು. ದೊಡ್ಡ ಊರುಗಳಲ್ಲಿ ಹಣ ಕೊಟ್ಟು ಕಾಲು ಕಚ್ಚಿಸಿಕೊಳ್ಳುವ ಆ 'ಡಾಕ್ಟರ್ ಮೀನು' ಸಹ ಗಾರಾ ಕುಲದ್ದೇ, ತುರ್ಕಿ ಕಡೆಯದು ಎಂದೆನು. ಅವನು ಬಗ್ಗಿ ಒಂದು ಕಲ್ಲನ್ನು ಮೆಲ್ಲಗೆ ಹೊರಳಿಸಿ ನೋಡಿ, "ಅಜ್ಜಾ, ಹತ್ತಿ ಕುಂತದ" ಎಂದನು. ನಲವತ್ತು ವರ್ಷಗಳ ಹಿಂದಿನ ಬರಣಿ ಕಣ್ಮುಂದೆ ಬಂದಿತು.

"ಮನೀಗೆ ಒಯ್ಯೋಣೇನು?" ಎಂದು ಕೇಳಿದೆನು. ಅವನು ಕಲ್ಲನ್ನು ಇದ್ದ ಹಾಗೆಯೇ ಇಟ್ಟು, "ಇಲ್ಲೇ ಬಂದು ನೋಡೋಣು" ಎಂದನು. ಅಂದು ಬರಣಿ ಹೊತ್ತು ತಂದಿದ್ದ ಆ ಹುಡುಗನೇ, ನೀನು ಇದನ್ನು ಓದುತ್ತಿದ್ದರೆ, ಸೋಮವಾರದ ಆ ಪಾಠ ಇದೇ ಎಂದು ತಿಳಿ. ತಡವಾಯಿತು, ಕ್ಷಮಿಸು.