ಪಾಲಿನ ಗೋಡೆ

ನಮ್ಮ ಚಿತ್ರದುರ್ಗದ ಸೀಮೆಯಲ್ಲಿ ಮೊದಲು ಮನೆಯ ಅಳತೆಯನ್ನು ಚದರಡಿಯಲ್ಲಿ ಹೇಳುವ ವಾಡಿಕೆ ಇರಲಿಲ್ಲ. ‘ಎಷ್ಟು ಅಂಕಣದ ಮನೆ?’ ಎನ್ನುತ್ತಿದ್ದರು. ಹೆಣ್ಣು ಕೊಡುವವರಂತೂ ಮೊದಲು ಇದನ್ನೇ ಕೇಳುತ್ತಿದ್ದರು. ಅಂಕಣವೆಂದರೆ ಕಂಬದಿಂದ ಕಂಬಕ್ಕೆ ಇರುವ ಜಾಗ. ಮಾಳಿಗೆಯನ್ನು ಹೊತ್ತವರು ಯಾರು ಎಂಬುದು ಆ ಲೆಕ್ಕದಲ್ಲೇ ಇತ್ತು. ಇಪ್ಪತ್ತೆಂಟು ವರ್ಷ ಸಮಾಜ ಪಾಠ ಹೇಳಿದ್ದೇನೆ. ಅರಮನೆ, ಕೋಟೆಗಳ ವಿಷಯ ಬಾಯಿಪಾಠವಾಗಿದೆ. ನಾವು ಹುಟ್ಟಿ ಬೆಳೆದ ಮನೆಗಳ ಚರಿತ್ರೆಯನ್ನು ಮಾತ್ರ ಕಂಬ ಮುಟ್ಟಿ, ಮಾಳಿಗೆ ಹತ್ತಿಯೇ ಕಲಿಯಬೇಕಾಯಿತು.

ಕಂಬದ ಬುಡಕ್ಕೆ ಕಲ್ಲು, ತಲೆಗೆ ಬೋದಿಗೆ, ಬೋದಿಗೆಯ ಮೇಲೆ ತೊಲೆ, ತೊಲೆಗೆ ಅಡ್ಡವಾಗಿ ಜಂತೆ. ಜಂತೆಯ ಮೇಲೆ ಹಲಗೆಯೋ ಚಕ್ಕೆಯೋ, ಸೊಪ್ಪು, ಆಮೇಲೆ ಮಣ್ಣು. ಎಲ್ಲಕ್ಕೂ ಮೇಲೆ ನೀರು ಇಳಿಯಗೊಡದ ಕರಲು ಮಣ್ಣು. ಮಳೆಗಾಲಕ್ಕೆ ಮುಂಚೆ ಒಂದಿಷ್ಟು ಕರಲು ಹಾಕಿಸುವುದು ಪದ್ಧತಿ. ಹಾಕುವುದುಂಟು, ಹಳೆಯದನ್ನು ತೆಗೆಯುವವರು ಕಡಿಮೆ. ಹೀಗೆ ಅಜ್ಜನ ಕಾಲದಲ್ಲಿ ಒಂದಡಿ ಇದ್ದ ಮಣ್ಣು ಮೊಮ್ಮಗನ ಕಾಲಕ್ಕೆ ಒಂದೂವರೆ ಅಡಿಯಾಗುತ್ತದೆ. ಎಂಟಡಿಗೆ ಎಂಟಡಿಯ ಒಂದು ಅಂಕಣವೆನ್ನಿ. ಒಂದು ಘನ ಅಡಿ ಮಣ್ಣು ನಲವತ್ತೈದು ಕಿಲೋ ಎಂದು ಹಿಡಿದರೂ ತಲೆಯ ಮೇಲೆ 4 ಟನ್ನಿಗೂ ಮಿಕ್ಕಿ ಭಾರ. ಮಳೆಯಲ್ಲಿ ನೆನೆದರೆ ಇನ್ನೂ ಹೆಚ್ಚು. ಅದರ ಕೆಳಗೇ ನಾವು ತೊಟ್ಟಿಲು ಕಟ್ಟಿ ಮಲಗಿದವರು.

1993ರ ಸೆಪ್ಟೆಂಬರ್ 30ರ ನಸುಕಿನಲ್ಲಿ ಮಹಾರಾಷ್ಟ್ರದ ಕಿಲ್ಲಾರಿಯಲ್ಲಿ ಭೂಕಂಪವಾದಾಗ ಸಾವಿರಾರು ಜನ ಸತ್ತದ್ದು ಇಂಥ ಮಣ್ಣಿನ ಮಾಳಿಗೆ, ಕಲ್ಲುಗೋಡೆಯ ಮನೆಗಳಲ್ಲೇ. ಅಲ್ಲೂ ಮಾಳಿಗೆಯನ್ನು ಮರದ ಕಂಬಗಳು ಹೊತ್ತಿದ್ದ ಕಡೆ, ಗೋಡೆ ಉರುಳಿದರೂ ಕಂಬ ತೊಲೆಗಳು ನಿಂತ ಮನೆಗಳಿದ್ದವು.

ಹಾಗೆಂದು ಎಲ್ಲ ಹಳೆಯ ಮನೆಯೂ ಕಂಬದ ಮನೆಯೆಂದು ತಿಳಿಯಬೇಡಿ. ಪೇಟೆಗಳಲ್ಲಿ ಕಾಣುವ ಮದ್ರಾಸ್ ತಾರಸಿಯಲ್ಲಿ ಮರದ ಜಂತೆಗಳ ತುದಿ ಹಲವು ಕಡೆ ನೇರವಾಗಿ ಗೋಡೆಯೊಳಗೇ ಕೂತಿರುತ್ತದೆ. ತುದಿ ಕೂತ ಗೋಡೆಯನ್ನು ಮುಟ್ಟುವ ಹಾಗಿಲ್ಲ. 1865ರಲ್ಲಿ ಬಾಸೆಲ್ ಮಿಷನ್ನಿನವರು ಮಂಗಳೂರಿನಲ್ಲಿ ಹೆಂಚಿನ ಕಾರ್ಖಾನೆ ತೆರೆದ ಮೇಲೆ ಹಬ್ಬಿದ ಹೆಂಚಿನ ಮನೆಗಳದ್ದು ಮತ್ತೊಂದು ಬಗೆ. ಇಳಿಜಾರಿನ ಸೂರು ಹೊರಗೋಡೆಗಳನ್ನು ಆಚೆಗೆ ತಳ್ಳುತ್ತಿರುತ್ತದೆ. ಒಳಗಿನ ಅಡ್ಡಗೋಡೆ ಮೇಲೆ ಏನನ್ನೂ ಹೊರದಿದ್ದರೂ ಆ ಹೊರಗೋಡೆಗಳನ್ನು ಹಿಡಿದು ನಿಲ್ಲಿಸಿರಬಹುದು. ಅಡುಗೆಮನೆಯ ಗೋಡೆ ತೆಗೆಸಿ ದೊಡ್ಡ ಹಾಲ್ ಮಾಡಿಸುವ ಆಸೆ ಈಗ ಎಲ್ಲರಿಗೂ ಇದೆ, ತಪ್ಪಲ್ಲ. ಮೊದಲು ಕತ್ತೆತ್ತಿ ಜಂತೆ ಯಾವ ದಿಕ್ಕಿಗೆ ಓಡಿದೆ, ಎಲ್ಲಿ ಕೂತಿದೆ ಎಂದು ನೋಡಬೇಕು.

ನಮ್ಮ ತವರಿನ ಗೋಡೆಯ ಕತೆ ಇದಕ್ಕಿಂತ ತೊಡಕಿನದು. 1978ರಲ್ಲಿ ಅಪ್ಪನಿಗೂ ಚಿಕ್ಕಪ್ಪನಿಗೂ ಪಾಲಾಯಿತು. ಪಿತ್ರಾರ್ಜಿತದಲ್ಲಿ ಹೆಣ್ಣುಮಕ್ಕಳಿಗೂ ಸಮಪಾಲೆಂಬ ಕರ್ನಾಟಕದ ತಿದ್ದುಪಡಿ ಜಾರಿಗೆ ಬಂದದ್ದು 1994ರಲ್ಲಿ. ನಮ್ಮಲ್ಲಿ ಆವತ್ತು ಪಂಚರು ಪಡಸಾಲೆಯಲ್ಲಿ ಕೂತಿದ್ದರೆ ಅವ್ವ, ಚಿಕ್ಕವ್ವ ಒಲೆಯ ಮುಂದೆ ಅಳುತ್ತಿದ್ದರು. ನಡುಮನೆಯ ನಟ್ಟನಡುವೆ, ತೊಲೆಯ ಕೆಳಗೇ, ಹಸಿ ಇಟ್ಟಿಗೆಯ ಗೋಡೆ ಎದ್ದಿತು. ಅಲ್ಲಿದ್ದ ಎರಡು ಕಂಬಗಳು ಅದರೊಳಗೆ ಮುಚ್ಚಿಹೋದವು. ಈಗ ಚಿಕ್ಕಪ್ಪನ ಮಕ್ಕಳು ತಮ್ಮ ಪಾಲನ್ನು ನನ್ನ ತಮ್ಮನಿಗೇ ಕೊಟ್ಟಿದ್ದಾರೆ. ‘ನಾನು ಸಾಯೋದ್ರೊಳಗೆ ಆ ಗೋಡೆ ತೆಗೆಸ್ರಪ್ಪ’ ಎಂದು ಎಂಬತ್ತು ದಾಟಿದ ಅವ್ವನ ಹಟ.

ಮೇಸ್ತ್ರಿ ಬಂದು ಗೋಡೆ ತಟ್ಟಿ, ‘ಇದು ಬರೀ ಅಡ್ಡಗೋಡೆ ಟೀಚರಮ್ಮ, ಪಾಯನೇ ಇಲ್ಲ. ಎರಡು ದಿನದ ಕೆಲಸ’ ಎಂದ. ಅವನ ಮಾತು ಅರ್ಧ ನಿಜ. ಕಟ್ಟಿದಾಗ ಅದು ಬರೀ ಅಡ್ಡಗೋಡೆಯೇ. ಗಂಡಸರ ಮಾತುಕತೆ ನಿಂತಿದ್ದ ಆ ದಿನಗಳಲ್ಲಿ ಗೋಡೆಗೂ ತೊಲೆಗೂ ಎರಡು ಬೆರಳು ಸಂದು ಇತ್ತು. ಚಿಕ್ಕವ್ವ ಬೀಸುಕಲ್ಲಿನ ಕಟ್ಟೆ ಹತ್ತಿ ಆ ಸಂದಿನಲ್ಲಿ ಬೆಂಕಿಪೊಟ್ಟಣ ತೂರಿಸುತ್ತಿದ್ದಳಂತೆ, ಅವ್ವ ಈ ಕಡೆಯಿಂದ ತೆಗೆದುಕೊಳ್ಳುತ್ತಿದ್ದಳಂತೆ. ‘ಆಮೇಲೆ ಪೊಟ್ಟಣ ತೂರದಂಗಾತು’ ಎಂದು ಅವ್ವ ಹೇಳಿದಾಗ ತಮ್ಮನ ಹೆಂಡತಿ ಥಟ್ಟನೆ ಮೇಲೆ ನೋಡಿದಳು. ಈಗ ಅಲ್ಲಿ ಒಂದು ಕಾಗದವೂ ಹೋಗುವಂತಿರಲಿಲ್ಲ. ಗೋಡೆ ಬೆಳೆಯುವುದಿಲ್ಲ. ತೊಲೆಯೇ ಇಳಿದಿತ್ತು.

ಪರಿಚಯದ ನಿವೃತ್ತ ಇಂಜಿನಿಯರೊಬ್ಬರನ್ನು ಕರೆಸಿದೆವು. ಅವರು ಗೋಡೆ ನೋಡುವ ಮೊದಲೇ ಮಾಳಿಗೆ ಹತ್ತಿ, ಬೆಳಕಿಂಡಿಯ ಅಂಚಿನಲ್ಲಿ ಮಣ್ಣಿನ ದಪ್ಪ ಅಳೆದರು: ಒಂದೂವರೆ ಅಡಿಗೂ ಹೆಚ್ಚು. ಕೆಳಗಿಳಿದು ಗಿಲಾವು ಕೆರೆಸಿ ಕಂಬಗಳನ್ನು ಹೊರಗೆ ಕಾಣಿಸಿದರು. ಒಂದು ಗಟ್ಟಿಯಿತ್ತು. ಇನ್ನೊಂದರ ಬುಡಕ್ಕೆ ಸ್ಕ್ರೂಡ್ರೈವರ್ ಒತ್ತಿದರೆ ಹಿಡಿಯವರೆಗೂ ಇಳಿಯಿತು. ಗಾಳಿಯಾಡದ ಮಣ್ಣಿನೊಳಗೆ ಗೆದ್ದಲು ನೆಮ್ಮದಿಯಾಗಿ ಸಂಸಾರ ಮಾಡಿತ್ತು. ಜಗಳಕ್ಕೆಂದು ಕಟ್ಟಿದ ಗೋಡೆಯೇ ಇಷ್ಟು ವರ್ಷ ಎರಡೂ ಮನೆಯ ಭಾರ ಹೊತ್ತಿತ್ತು. ಮೇಸ್ತ್ರಿಯ ಎರಡು ದಿನದಲ್ಲಿ ಏನಾಗುತ್ತಿತ್ತೆಂದು ನೆನೆದರೆ ಈಗಲೂ ಮೈ ನಡುಗುತ್ತದೆ.

ಕೆಲಸ ಮೇಲಿನಿಂದ ಶುರುವಾಯಿತು. ಮೊದಲು ಮಾಳಿಗೆಯ ಮಣ್ಣನ್ನು ಎರಡೂ ಕಡೆಯಿಂದ ಸಮನಾಗಿ ಇಳಿಸಿದರು. ತೊಲೆಯ ಎರಡೂ ಬದಿಯ ಜಂತೆಗಳ ಕೆಳಗೆ ಅಡ್ಡಮರ ಕೊಟ್ಟು ಜಾಕಿ ನಿಲ್ಲಿಸಿದರು. ಕೆಟ್ಟ ಕಂಬದ ಸುತ್ತಲಿನ ಗೋಡೆಯನ್ನಷ್ಟೇ ಬಿಡಿಸಿ ಹೊಸ ಕಂಬ ಕೂರಿಸಿ, ಹಳೆಯ ಬೋದಿಗೆ ಗಟ್ಟಿಯಿದ್ದುದರಿಂದ ಅದನ್ನೇ ಏರಿಸಿದರು. ಆಮೇಲೆ ಗೋಡೆಯನ್ನು ಮೇಲಿನ ವರಸೆಯಿಂದ ಒಂದೊಂದೇ ಇಟ್ಟಿಗೆ ಬಿಡಿಸಿದರು. ಎರಡು ದಿನದ ಕೆಲಸ ಹತ್ತೊಂಬತ್ತು ದಿನ ಹಿಡಿಯಿತು. ಅವ್ವ ಬಾಗಿಲ ಬಳಿ ಕುರ್ಚಿ ಹಾಕಿಸಿಕೊಂಡು ಅಷ್ಟೂ ದಿನ ಕೂತಿದ್ದಳು.

ಗೋಡೆ ಹೋದ ಮೇಲೆ ನೋಡಿದರೆ ಚಿಕ್ಕಪ್ಪನ ಕಡೆಯ ನೆಲ ಒಂದು ಅಂಗುಲ ಎತ್ತರ. ಅವರು ಯಾವಾಗಲೋ ಸಿಮೆಂಟು ಹಾಕಿಸಿದ್ದರು. ಅದನ್ನು ಮುಂದಿನ ಬೇಸಿಗೆಯಲ್ಲಿ ಸರಿಮಾಡಿಸುತ್ತಾನಂತೆ ತಮ್ಮ. ಅಲ್ಲಿಯವರೆಗೆ ಅವ್ವ ಎಡವದಿರಲೆಂದು ಆ ಅಂಚಿನುದ್ದಕ್ಕೂ ಸುಣ್ಣದ ಗೆರೆ ಎಳೆದಿದ್ದಾರೆ.