ಗಾಡಿ ಹತ್ತಿದರೆ ಸಾಲದು, ಗುಡ್ಡ ಉಳಿಯಬೇಕು: ಆಫ್‌ರೋಡಿಂಗ್‌ಗೆ ಹೊರಡುವ ಮುನ್ನ ತಿಳಿದಿರಬೇಕಾದ್ದು

ಮೊದಲೇ ಒಂದು ತಪ್ಪು ಒಪ್ಪಿಕೊಂಡುಬಿಡ್ತೀನಿ. ಕೆಲವು ವರ್ಷಗಳ ಹಿಂದೆ ಆಗಸ್ಟ್ ತಿಂಗಳ ಒಂದು ಭಾನುವಾರ ಸಕಲೇಶಪುರದ ಕಡೆಯ ಒಂದು ಹುಲ್ಲುಗುಡ್ಡಕ್ಕೆ ನಾವು ಐದು ಗಾಡಿ ಹತ್ತಿಸಿದ್ದೆವು. ಜಾಡಿನಲ್ಲಿ ಕೆಸರು ಜಾಸ್ತಿ ಇತ್ತು ಅಂತ ಪಕ್ಕದ ಹುಲ್ಲಿನ ಮೇಲೆ ಹೋದೆವು. ಮೂರನೇ ಗಾಡಿ ಹೂತುಕೊಂಡಿತು. ಅದನ್ನು ಎಳೆಯಲು ಹೋದ ನಾಲ್ಕನೆಯದೂ ಹೂತುಕೊಂಡಿತು. ಎರಡು ಗಂಟೆ ಚಕ್ರ ತಿರುಗಿಸಿ, ಮಣ್ಣು ಎರಚಿ, ವಿಡಿಯೋ ಮಾಡಿ, ಖುಷಿಯಲ್ಲಿ ಕೆಳಗಿಳಿದೆವು.

ಕೆಳಗೆ ಒಂದು ಮನೆಯ ಹತ್ತಿರ ವಯಸ್ಸಾದ ಯಜಮಾನರೊಬ್ಬರು ಕೈ ತೋರಿಸಿ ನಿಲ್ಲಿಸಿದರು. ಬೈಯಲಿಲ್ಲ. ಅಂಗಳಕ್ಕೆ ಕರೆದು, ಪೈಪಿನಿಂದ ಬೀಳುತ್ತಿದ್ದ ನೀರನ್ನು ಬಿಂದಿಗೆಯಲ್ಲಿ ಹಿಡಿದು ತೋರಿಸಿದರು. ಕೆಂಪು ನೀರು. "ಮೇಲಿನ ಒರತೆಯಿಂದ ಪೈಪ್ ಹಾಕ್ಕೊಂಡಿದೀವಪ್ಪ. ಬೆಳಗ್ಗೆ ತಿಳಿಯಾಗೇ ಇತ್ತು. ಇನ್ನು ಎರಡು ದಿನ ಇದೇ" ಅಂದರು. ನಾನು ಓದಿದ್ದು ಮೆಕ್ಯಾನಿಕಲ್ ಎಂಜಿನಿಯರಿಂಗ್. ಟಾರ್ಕ್, ಗೇರ್ ಅನುಪಾತ ಎಲ್ಲ ಬಾಯಿಪಾಠ. ಚಕ್ರದ ಕೆಳಗಿನ ಮಣ್ಣು ಎಲ್ಲಿಗೆ ಹೋಗುತ್ತೆ ಅಂತ ಮಾತ್ರ ಒಂದು ಸಲವೂ ಯೋಚಿಸಿರಲಿಲ್ಲ.

ಆಫ್‌ರೋಡಿಂಗ್ ಬೇಡ ಅನ್ನುವ ಲೇಖನ ಇದಲ್ಲ. ನಾನು ಈಗಲೂ ಹೋಗ್ತೀನಿ. ಹೊಸದಾಗಿ ಗಾಡಿ ಕೊಳ್ಳುವವರಿಗೆ, ಕೊಂಡು ಮೊದಲ ಸಲ ಗುಡ್ಡಕ್ಕೆ ಹೊರಟವರಿಗೆ ಬೇಕಾದ ಮಾಹಿತಿ ಒಂದೇ ಕಡೆ ಸಿಗಲಿ ಅಂತ ಬರೆಯುತ್ತಿದ್ದೇನೆ.

ಜೀಪು ನಮ್ಮಲ್ಲಿ ಹೊಸದೇನಲ್ಲ

ಮಹೀಂದ್ರಾ ಕಂಪನಿ 1947ರಲ್ಲಿ ವಿಲ್ಲೀಸ್ ಜೀಪುಗಳನ್ನು ಇಲ್ಲಿ ಜೋಡಿಸಲು ಶುರು ಮಾಡಿತು. ಮಲೆನಾಡು, ಕೊಡಗಿನಲ್ಲಿ ಜೀಪು ಅಂದರೆ ಶೋಕಿಯಲ್ಲ, ಅಗತ್ಯ. ತೋಟಕ್ಕೆ ಆಳು, ಗೊಬ್ಬರ ಸಾಗಿಸಿದ್ದು, ಮಳೆಗಾಲದ ರಾತ್ರಿ ಬಾಣಂತಿಯನ್ನು ಆಸ್ಪತ್ರೆಗೆ ಮುಟ್ಟಿಸಿದ್ದು ಅದೇ. 1985ರಲ್ಲಿ ಮಾರುತಿ ಜಿಪ್ಸಿ ಬಂತು. ಸೇನೆಯಿಂದ ಅರಣ್ಯ ಇಲಾಖೆವರೆಗೆ ಎಲ್ಲರೂ ಬಳಸಿದರು.

ಮನರಂಜನೆಗೆ ಗುಡ್ಡ ಹತ್ತುವ ಹುಚ್ಚು ಹೆಚ್ಚಾಗಿದ್ದು ಆಮೇಲೆ. ಮಡಿಕೇರಿ ಹತ್ತಿರದ ಮಾಂದಲಪಟ್ಟಿ ನೆನಪಿಸಿಕೊಳ್ಳಿ. 2008ರ 'ಗಾಳಿಪಟ' ಸಿನಿಮಾದಲ್ಲಿ 'ಮುಗಿಲುಪೇಟೆ' ಆಗಿ ಕಂಡ ಮೇಲೆ ಅಲ್ಲಿಗೆ ಜನ ಮುಗಿಬಿದ್ದರು, ಬಾಡಿಗೆ ಜೀಪುಗಳ ಸಾಲೇ ಹುಟ್ಟಿತು. ಕೊಡಚಾದ್ರಿಯದೂ ಇದೇ ಕಥೆ. 2020ರಲ್ಲಿ ಎರಡನೇ ತಲೆಮಾರಿನ ಥಾರ್, 2023ರಲ್ಲಿ ಜಿಮ್ನಿ ಬಂದ ಮೇಲೆ ಬೆಂಗಳೂರಿನ ಅಪಾರ್ಟ್‌ಮೆಂಟ್ ಬೇಸ್‌ಮೆಂಟಿನಲ್ಲೂ ನಾಲ್ಕು ಚಕ್ರ ಎಳೆಯುವ ಗಾಡಿಗಳು ನಿಂತಿವೆ. ಗಾಡಿಯ ಜೊತೆ ಬರಬೇಕಿದ್ದ ತಿಳಿವಳಿಕೆ ಮಾತ್ರ ಷೋರೂಮಿನಲ್ಲಿ ಸಿಗಲ್ಲ.

ಯಾವ ಗಾಡಿ? ನಾಲ್ಕು ವಿಷಯ ನೋಡಿ

*ಲೋ ರೇಂಜ್ ಇದೆಯಾ?* ಇದೇ ಮೊದಲ ಪ್ರಶ್ನೆ. ಮಾರಾಟದವರು 'ಆಲ್ ವೀಲ್ ಡ್ರೈವ್' ಅಂದ ತಕ್ಷಣ ಮರುಳಾಗಬೇಡಿ. ನಿಜವಾದ ಫೋರ್ ಬೈ ಫೋರ್ ಗಾಡಿಯಲ್ಲಿ ಟ್ರಾನ್ಸ್‌ಫರ್ ಕೇಸ್ ಅಂತ ಇನ್ನೊಂದು ಗೇರ್‌ಪೆಟ್ಟಿಗೆ ಇರುತ್ತೆ. ಲೋ ರೇಂಜ್ ಹಾಕಿದರೆ ವೇಗ ಅರ್ಧಕ್ಕೋ ಇನ್ನೂ ಕಡಿಮೆಗೋ ಇಳಿದು, ಚಕ್ರಕ್ಕೆ ಸಿಗುವ ಎಳೆತ ಅಷ್ಟೇ ಪಟ್ಟು ಏರುತ್ತೆ. ಕಡಿದಾದ ಏರನ್ನು ನಡಿಗೆಯ ವೇಗದಲ್ಲಿ, ಚಕ್ರ ಜಾರದಂತೆ ಹತ್ತಲು ಸಾಧ್ಯವಾಗೋದು ಇದರಿಂದ. ಲೋ ರೇಂಜ್ ಇಲ್ಲದವರು ಓಟದ ಬಲದಲ್ಲಿ ನುಗ್ಗಬೇಕಾಗುತ್ತೆ. ನೆಲ ಹಾಳಾಗೋದೂ ಗಾಡಿ ಪಲ್ಟಿಯಾಗೋದೂ ಅಲ್ಲೇ.

*ಡಿಫರೆನ್ಷಿಯಲ್ ಎಂಥದ್ದು?* ತಿರುವಿನಲ್ಲಿ ಹೊರಗಿನ ಚಕ್ರ ಹೆಚ್ಚು ದೂರ ಓಡಬೇಕು, ಒಳಗಿನದು ಕಡಿಮೆ. ಅದಕ್ಕೆ ಅವಕಾಶ ಕೊಡೋದು ಡಿಫರೆನ್ಷಿಯಲ್. ತೊಂದರೆ ಏನಂದ್ರೆ, ಒಂದು ಚಕ್ರ ಗಾಳಿಯಲ್ಲಿದ್ದರೆ ಅದು ಸುಮ್ಮನೆ ತಿರುಗುತ್ತೆ, ಹಿಡಿತ ಇರುವ ಚಕ್ರಕ್ಕೆ ಬಲವೇ ಹೋಗಲ್ಲ. ಇದಕ್ಕೆ ಎರಡು ಪರಿಹಾರ. ಜಾರುವ ಚಕ್ರಕ್ಕೆ ತಾನೇ ಬ್ರೇಕ್ ಹಾಕಿ ಇನ್ನೊಂದಕ್ಕೆ ಬಲ ಕಳಿಸುವ ವ್ಯವಸ್ಥೆ ಒಂದು, ಜಿಮ್ನಿಯಲ್ಲಿರೋದು ಇದು. ಎರಡೂ ಚಕ್ರವನ್ನು ಯಾಂತ್ರಿಕವಾಗಿ ಬಿಗಿಯುವ ಲಾಕ್ ಇನ್ನೊಂದು. ಫೋರ್ಸ್ ಗೂರ್ಖಾದಲ್ಲಿ ಮುಂದೆ ಹಿಂದೆ ಎರಡಕ್ಕೂ ಇದೆ. ಲಾಕ್ ಇದ್ದರೆ ಚಕ್ರ ಕಡಿಮೆ ಜಾರುತ್ತೆ, ಅಂದರೆ ನೆಲವೂ ಕಡಿಮೆ ಕಿತ್ತುಹೋಗುತ್ತೆ.

*ಎತ್ತರ ಮತ್ತು ಕೋನ.* ಗ್ರೌಂಡ್ ಕ್ಲಿಯರೆನ್ಸ್ ಒಂದನ್ನೇ ನೋಡಿದರೆ ಸಾಲದು. ಮುಂದಿನ ಬಂಪರ್ ತಾಗದಂತೆ ಎಷ್ಟು ಕಡಿದಾದ ದಿಬ್ಬ ಹತ್ತಬಹುದು, ಹಿಂಭಾಗ ತಾಗದಂತೆ ಎಷ್ಟು ಇಳಿಯಬಹುದು, ಹೊಟ್ಟೆ ತಾಗದಂತೆ ಎಂಥ ಉಬ್ಬು ದಾಟಬಹುದು ಎನ್ನುವ ಮೂರು ಕೋನಗಳೂ ಮುಖ್ಯ. ಮುಂದಿನ ಮತ್ತು ಹಿಂದಿನ ಚಕ್ರಗಳ ನಡುವಿನ ಅಂತರ ಹೆಚ್ಚಿದಷ್ಟೂ ಹೊಟ್ಟೆ ತಾಗುವುದು ಹೆಚ್ಚು. ಮೂರು ಬಾಗಿಲ ಥಾರ್‌ನಲ್ಲಿ ಆ ಅಂತರ 2450 ಮಿ.ಮೀ., ಐದು ಬಾಗಿಲ ರಾಕ್ಸ್‌ನಲ್ಲಿ 2850. ಸಂಸಾರಕ್ಕೆ ಎರಡನೆಯದು ವಾಸಿ, ಕಿರಿದಾದ ಜಾಡಿಗೆ ಮೊದಲನೆಯದು.

*ತೂಕ.* ಇದನ್ನು ಯಾರೂ ಕೇಳಲ್ಲ. ಹಳೇ ಜಿಪ್ಸಿ ಸುಮಾರು ಒಂದು ಟನ್, ಜಿಮ್ನಿ ಸುಮಾರು 1200 ಕೆ.ಜಿ. ಇವತ್ತಿನ ದೊಡ್ಡ ಗಾಡಿಗಳು ಇದಕ್ಕಿಂತ ಐನೂರು ಕೆ.ಜಿ. ಮೇಲೆ ಹೆಚ್ಚು ತೂಗುತ್ತವೆ. ಹೂಳೋದು ಭಾರದ ಗಾಡಿಯೇ ಮೊದಲು, ಎಳೆಯೋಕೆ ಕಷ್ಟವಾಗೋದೂ ಅದೇ. ನನ್ನ ಅಭಿಪ್ರಾಯ ಕೇಳಿದರೆ, ಮಲೆನಾಡಿನ ಒದ್ದೆ ನೆಲಕ್ಕೆ ಹಗುರ ಗಾಡಿ, ಕಡಿಮೆ ಶಕ್ತಿ, ಒಳ್ಳೆ ಟಯರ್ ಸಾಕು. ಕುದುರೆಶಕ್ತಿ ಹೆದ್ದಾರಿಗೆ ಇರಲಿ.

ಟಯರ್ ಗಾಳಿಯ ಲೆಕ್ಕ

ಟಯರ್ ನೆಲದ ಮೇಲೆ ಹಾಕುವ ಒತ್ತಡ ಹೆಚ್ಚುಕಮ್ಮಿ ಅದರೊಳಗಿನ ಗಾಳಿಯ ಒತ್ತಡದಷ್ಟೇ ಇರುತ್ತೆ. 1200 ಕೆ.ಜಿ. ಗಾಡಿಯ ಒಂದು ಚಕ್ರದ ಮೇಲೆ 300 ಕೆ.ಜಿ. ಗಾಳಿ 30 ಪಿಎಸ್‌ಐ ಇದ್ದರೆ ನೆಲಕ್ಕೆ ತಾಗುವ ಜಾಗ ಸುಮಾರು 140 ಚದರ ಸೆಂ.ಮೀ.; ಒಂದು ಹಸ್ತದಷ್ಟು. ಅದನ್ನೇ 18ಕ್ಕೆ ಇಳಿಸಿದರೆ ಸುಮಾರು 240. ಹಿಡಿತ ಹೆಚ್ಚು, ಹೂಳುವುದು ಕಡಿಮೆ, ಮಣ್ಣಿನ ಮೇಲಿನ ಒತ್ತಡವೂ ಕಡಿಮೆ. ಸಾವಿರಾರು ರೂಪಾಯಿಯ ಪರಿಕರಕ್ಕಿಂತ ಒಂದು ಒತ್ತಡಮಾಪಕ, ಒಂದು ಸಣ್ಣ ಕಂಪ್ರೆಸರ್ ಹೆಚ್ಚು ಉಪಯೋಗ. ಆದರೆ ಟಾರ್ ರಸ್ತೆಗೆ ಬಂದ ಕೂಡಲೇ ಗಾಳಿ ತುಂಬಿಸಿಕೊಳ್ಳಿ. ಕಡಿಮೆ ಗಾಳಿಯಲ್ಲಿ ವೇಗವಾಗಿ ಓಡಿಸಿದರೆ ಟಯರ್ ಬಿಸಿಯಾಗಿ ಸಿಡಿಯಬಹುದು.

"ಹಸು, ಎಮ್ಮೆ ಓಡಾಡಲ್ವಾ? ಅವುಗಳ ಗೊರಸೂ ನೆಲ ಒತ್ತುತ್ತೆ" ಅಂತ ಗೆಳೆಯರು ವಾದ ಮಾಡ್ತಾರೆ. ನಿಜ, ಒತ್ತಡ ಮಾತ್ರ ಹೋಲಿಸಿದರೆ ಗೊರಸು ಕಡಿಮೆಯೇನಲ್ಲ. ಆದರೆ ಹಸು ನಿಂತಲ್ಲೇ ಕಾಲು ತಿರುಗಿಸಿ ಬೇರು ಕೀಳಲ್ಲ. ಗುಡ್ಡವನ್ನು ನೇರವಾಗಿ ಹತ್ತದೆ ಅಡ್ಡಡ್ಡ ಸುತ್ತಿ ಹತ್ತುತ್ತೆ. ಹಾನಿ ಮಾಡೋದು ಜಾರುವ ಚಕ್ರ ಮತ್ತು ಮೇಲಿಂದ ಕೆಳಕ್ಕೆ ನೇರವಾಗಿ ಬೀಳುವ ಗೆರೆ.

ಒಂದು ಚಕ್ರದ ಗುರುತು ಹಳ್ಳವಾಗುವ ಬಗೆ

ಪಶ್ಚಿಮಘಟ್ಟದ ಎತ್ತರದಲ್ಲಿ ಹುಲ್ಲುಗಾವಲು, ಅದರ ಮಡಿಲುಗಳಲ್ಲಿ ಶೋಲಾ ಕಾಡು ಇರುತ್ತವೆ. ಹುಲ್ಲಿನ ಬೇರು ಮಣ್ಣನ್ನು ಹಿಡಿದಿಟ್ಟು ಮಳೆ ನೀರನ್ನು ಒಳಗೆ ಇಳಿಸುತ್ತೆ. ಆ ನೀರೇ ಒರತೆಯಾಗಿ, ಝರಿಯಾಗಿ ಕೆಳಗೆ ಬರೋದು. ಬ್ರಿಟಿಷರ ಕಾಲದಿಂದಲೂ ಹುಲ್ಲುಗುಡ್ಡವನ್ನು ಪಾಳು ಜಮೀನು ಅಂತಲೇ ನೋಡಿದ್ದು. ಅಕೇಶಿಯಾ ನೆಟ್ಟಿದ್ದೂ ಅದೇ ಲೆಕ್ಕದಲ್ಲಿ. ಖಾಲಿ ಜಾಗ ತಾನೇ ಅಂತ ಗಾಡಿ ಬಿಡುವ ನಮ್ಮ ಮನಸ್ಸಿನಲ್ಲಿರೋದೂ ಅದೇ. 2012ರಲ್ಲಿ ಯುನೆಸ್ಕೊ ಪಶ್ಚಿಮಘಟ್ಟದ 39 ತಾಣಗಳನ್ನು ವಿಶ್ವ ಪಾರಂಪರಿಕ ಪಟ್ಟಿಗೆ ಸೇರಿಸಿತು. ಕುದುರೆಮುಖ, ಪುಷ್ಪಗಿರಿ ಅದರಲ್ಲಿವೆ.

ಚಕ್ರ ಜಾರಿ ಹುಲ್ಲಿನ ಹೊದಿಕೆ ಕಿತ್ತುಬಂತು ಅನ್ನಿ. ಒತ್ತಿದ ಮಣ್ಣಿನೊಳಗೆ ನೀರು ಇಳಿಯಲ್ಲ, ಗುರುತಿನಲ್ಲೇ ಹರಿಯುತ್ತೆ. ಇಳಿಜಾರಿನಲ್ಲಿ ಹರಿಯುವ ನೀರಿಗೆ ವೇಗ ಸಿಕ್ಕಿ ಮಣ್ಣು ಕೊಚ್ಚಿ ಗುರುತು ಆಳವಾಗುತ್ತೆ. ಮುಂದಿನ ವಾರ ಬಂದವನು ಆ ಗುಂಡಿ ತಪ್ಪಿಸಲು ಪಕ್ಕದಲ್ಲಿ ಹೋಗ್ತಾನೆ. ಅದೂ ಗುಂಡಿಯಾಗುತ್ತೆ. ಮೂರನೆಯವನು ಇನ್ನೂ ಪಕ್ಕಕ್ಕೆ. ಎಂಟು ಅಡಿಯ ಜಾಡು ಹೀಗೆ ಮೂವತ್ತು ಅಡಿ ಅಗಲದ ಕೆಂಪು ಗಾಯವಾಗುತ್ತೆ. ನಾವು ಅವತ್ತು ಮಾಡಿದ್ದು ಇದನ್ನೇ. ಮರುವರ್ಷ ಅದೇ ಗುಡ್ಡಕ್ಕೆ ನಡೆದು ಹೋದಾಗ ನಮ್ಮ ಗಾಡಿ ಹೂತ ಜಾಗದಲ್ಲಿ ಮೊಣಕಾಲುದ್ದದ ಕೊರಕಲು ಬಿದ್ದಿತ್ತು.

ಹಾಗಾಗಿ ನೆನಪಿಡಬೇಕಾದ ನಿಯಮ ಮೊದಲಿಗೆ ತಲೆಕೆಳಗಾಗಿ ಕಾಣಬಹುದು: ಕೆಸರು ಕಂಡರೆ ಪಕ್ಕಕ್ಕೆ ಹೋಗಬೇಡಿ, ಜಾಡಿನೊಳಗೇ ಹೋಗಿ. ಜಾಡಿನಲ್ಲಿ ಹೋಗೋಕೆ ಆಗಲ್ಲ ಅನಿಸಿದರೆ ವಾಪಸ್ ತಿರುಗಿ.

ಓಡಿಸುವ ಕ್ರಮ

- ಮೊದಲು ಇಳಿದು ನಡೆದು ನೋಡಿ. ಕೊಡಚಾದ್ರಿ ದಾರಿಯಲ್ಲಿ ಜೀಪ್ ಚಾಲಕರೊಬ್ಬರು ಹೇಳಿದ ಮಾತು: "ಚಕ್ರ ಎಲ್ಲಿ ಇಡ್ಬೇಕು ಅಂತ ಗೊತ್ತಿದ್ರೆ ಆಕ್ಸಿಲರೇಟರ್ ಕೆಲ್ಸ ಕಮ್ಮಿ ಸಾರ್." ದಿನಕ್ಕೆ ಎರಡು ಮೂರು ಸಲ ಅದೇ ದಾರಿ ಹತ್ತುವ ಅವರು ಚಕ್ರ ಜಾರಿಸೋದು ಅಪರೂಪ.
- ಏರಿನಲ್ಲಿ ಗಾಡಿ ನಿಂತರೆ ಅಡ್ಡ ತಿರುಗಿಸಬೇಡಿ, ಪಲ್ಟಿಯಾಗುತ್ತೆ. ರಿವರ್ಸ್ ಗೇರಿನಲ್ಲಿ ನೇರ ಹಿಂದಕ್ಕೆ ಬನ್ನಿ.
- ಇಳಿಜಾರಿನಲ್ಲಿ ಲೋ ರೇಂಜ್, ಮೊದಲ ಗೇರ್. ಎಂಜಿನ್ನೇ ತಡೆಯಲಿ. ಕ್ಲಚ್ ಒತ್ತಬೇಡಿ.
- ಒಣ ಟಾರ್ ರಸ್ತೆಯಲ್ಲಿ ಪಾರ್ಟ್‌ಟೈಮ್ ಫೋರ್ ಬೈ ಫೋರ್ ಹಾಕಬೇಡಿ. ತಿರುವುಗಳಲ್ಲಿ ಗೇರ್‌ಗಳು ಬಿಗಿದುಕೊಂಡು ಹಾಳಾಗುತ್ತವೆ.
- ಚಕ್ರ ಎರಡು ಸುತ್ತು ಜಾರಿದರೆ ಕಾಲು ತೆಗೆಯಿರಿ. ಮೂರನೇ ಸುತ್ತು ನಿಮ್ಮನ್ನು ಮುಂದಕ್ಕಲ್ಲ, ಕೆಳಕ್ಕೆ ಒಯ್ಯುತ್ತೆ.
- ಗಾಡಿ ಎಳೆಯುವಾಗ ಹಗ್ಗವನ್ನು ಬಂಪರಿಗೆ ಕಟ್ಟಬೇಡಿ, ಚಾಸಿಗೆ ಬಿಗಿದ ಕೊಕ್ಕೆಗೇ ಕಟ್ಟಿ. ಹಗ್ಗದ ಆಸುಪಾಸು ಯಾರೂ ನಿಲ್ಲಬಾರದು. ತುಂಡಾದರೆ ಪ್ರಾಣ ಹೋಗುವ ಹೊಡೆತ. ಮರಕ್ಕೆ ವಿಂಚ್ ಹಾಕುವುದಾದರೆ ಅಗಲ ಪಟ್ಟಿ ಬಳಸಿ. ತೆಳುವಾದ ಉಕ್ಕಿನ ಹಗ್ಗ ತೊಗಟೆ ಕೊಯ್ದುಬಿಡುತ್ತೆ.
- ಹಳ್ಳ ದಾಟುವುದಿದ್ದರೆ ಈಗಾಗಲೇ ಇರುವ ದಾಟಿನಲ್ಲಿ, ಅಡ್ಡಲಾಗಿ, ನಿಧಾನಕ್ಕೆ ದಾಟಿ. ಥಾರ್ 650 ಮಿ.ಮೀ., ಗೂರ್ಖಾ 700 ಮಿ.ಮೀ. ನೀರು ದಾಟಬಲ್ಲದು ಅಂತ ಕಂಪನಿ ಹೇಳೋದು ನಿಂತ ನೀರಿನ ಲೆಕ್ಕ ಅಂದುಕೊಳ್ಳಿ. ಹರಿಯುವ ನೀರು ಅದಕ್ಕಿಂತ ಕಡಿಮೆ ಆಳದಲ್ಲೇ ಗಾಡಿಯನ್ನು ತಳ್ಳುತ್ತೆ. ಹಳ್ಳದ ಉದ್ದಕ್ಕೂ ಗಾಡಿ ಓಡಿಸುವುದು ಬೇಡವೇ ಬೇಡ. ಮೀನು, ಕಪ್ಪೆ ಮೊಟ್ಟೆ ಇಡೋದು ಅಲ್ಲೇ. 2023ರ ಡಿಸೆಂಬರಿನಲ್ಲಿ ಹಿಮಾಚಲದ ಚಂದ್ರಾ ನದಿಯಲ್ಲಿ ಥಾರ್ ಓಡಿಸಿದವರಿಗೆ ಪೊಲೀಸರು ದಂಡ ಹಾಕಿದ್ದು ನೆನಪಿರಬಹುದು.

ಕಾನೂನು ಏನು ಹೇಳುತ್ತೆ?

ವನ್ಯಜೀವಿ ಸಂರಕ್ಷಣಾ ಕಾಯ್ದೆ 1972ರ 27ನೇ ವಿಧಿ ಪ್ರಕಾರ ಅಭಯಾರಣ್ಯದೊಳಗೆ ಅನುಮತಿ ಇಲ್ಲದೆ ಪ್ರವೇಶವಿಲ್ಲ. ಮೀಸಲು ಅರಣ್ಯಕ್ಕೆ ಕರ್ನಾಟಕ ಅರಣ್ಯ ಕಾಯ್ದೆ 1963 ಅನ್ವಯ. ಗೂಗಲ್ ಮ್ಯಾಪಿನಲ್ಲಿ ದಾರಿ ಕಂಡಿತು ಅನ್ನೋದು ಅನುಮತಿಯಲ್ಲ. ಕಾಫಿ ತೋಟದೊಳಗಿನ ದಾರಿ ಖಾಸಗಿ; ಮಾಲೀಕರನ್ನು ಕೇಳಿ, ತೆರೆದ ಗೇಟು ಮುಚ್ಚಿ ಬನ್ನಿ.

ಗಾಡಿ ಬದಲಾವಣೆಯ ವಿಷಯ: ಮೋಟಾರು ವಾಹನ ಕಾಯ್ದೆಯ 52ನೇ ವಿಧಿಯಡಿ ತಯಾರಕರ ಮೂಲ ವಿವರಣೆಗೆ ವಿರುದ್ಧವಾದ ಬದಲಾವಣೆ ಸಲ್ಲದು ಅಂತ ಸುಪ್ರೀಂ ಕೋರ್ಟ್ 2019ರ ಜನವರಿಯಲ್ಲಿ ಹೇಳಿದೆ. ಕಬ್ಬಿಣದ ಬುಲ್ ಬಾರ್ ಹಾಕುವಂತಿಲ್ಲ ಎಂದು ಕೇಂದ್ರ ಸಾರಿಗೆ ಸಚಿವಾಲಯ 2017ರ ಡಿಸೆಂಬರಿನಲ್ಲೇ ಸೂಚಿಸಿದೆ. ಅಪಘಾತವಾದರೆ ವಿಮೆ ಕಂಪನಿ ಮೊದಲು ಹುಡುಕೋದು ಇವನ್ನೇ.

ಯಾವಾಗ ಹೋಗಬಾರದು?

ಮಳೆಗಾಲದ ಕೆಸರಿನಲ್ಲೇ ಮಜಾ ಅನ್ನೋರು ಬಹಳ. ನನಗೂ ಹಾಗೇ ಅನಿಸುತ್ತಿತ್ತು. ಅದಕ್ಕೆ ದಾರಿ ಇದೆ: ಗದ್ದೆ ಅಥವಾ ತೋಟದ ಮಾಲೀಕರ ಒಪ್ಪಿಗೆಯಲ್ಲಿ, ಗುರುತು ಮಾಡಿದ ಜಾಗದಲ್ಲಿ ನಡೆಸುವ ಕೂಟಗಳಿಗೆ ಹೋಗಿ. ಗದ್ದೆಯನ್ನು ಹೇಗೂ ಮತ್ತೆ ಉಳುತ್ತಾರೆ. ಹುಲ್ಲುಗುಡ್ಡವನ್ನು ಯಾರೂ ಉತ್ತು ಸರಿ ಮಾಡಲ್ಲ. ಗುಡ್ಡಕ್ಕೆ ಡಿಸೆಂಬರಿನಿಂದ ಫೆಬ್ರುವರಿ ವಾಸಿ. ಆಮೇಲೆ ಕಾಳ್ಗಿಚ್ಚಿನ ಕಾಲ. ಒಣ ಹುಲ್ಲಿನ ಮೇಲೆ ಬಿಸಿ ಸೈಲೆನ್ಸರ್ ಇರುವ ಗಾಡಿ ನಿಲ್ಲಿಸುವುದೂ ಅಪಾಯ.

ಸ್ಥಳೀಯ ಜೀಪಿನವರ ಬದುಕಿನ ಪ್ರಶ್ನೆಯೂ ಇದೆ, ಒಪ್ತೀನಿ. ಪ್ರವಾಸಿಗರು ಬಾರದಿದ್ದರೆ ಅವರ ಗಾಡಿಯ ಕಂತು ಕಟ್ಟೋರು ಯಾರು? ಆದರೆ ಒಂದೇ ಜಾಡಿನಲ್ಲಿ, ಲೆಕ್ಕಕ್ಕೆ ಸಿಕ್ಕಷ್ಟು ಜೀಪು ಓಡಿದರೆ ಆ ಒಂದು ಜಾಡನ್ನು ದುರಸ್ತಿ ಮಾಡಬಹುದು. ನೀರು ಅಡ್ಡ ಹರಿದುಹೋಗಲು ಅಲ್ಲಲ್ಲಿ ಮೋರಿ ತೋಡಬಹುದು, ಕಲ್ಲು ಹಾಸಬಹುದು. ಹಾಳು ಮಾಡೋದು ಬೆಂಗಳೂರಿನಿಂದ ಬಂದು ತಮ್ಮದೇ ದಾರಿ ಹುಡುಕುವ ನಮ್ಮಂಥವರು. ಹಾಗಾಗಿ ನಿಮ್ಮ ಗಾಡಿಯನ್ನು ಕೆಳಗೆ ನಿಲ್ಲಿಸಿ ಅವರ ಜೀಪು ಹತ್ತಿದರೂ ಅವಮಾನವೇನಿಲ್ಲ. ಓಡಿಸುವುದು ಕಲಿಯಬೇಕಿದ್ದರೆ ಪಕ್ಕದ ಸೀಟಿಗಿಂತ ಒಳ್ಳೆ ಜಾಗ ಇಲ್ಲ.

ಆ ಯಜಮಾನರ ಮನೆಗೆ ಆಮೇಲೆ ಎರಡು ಸಲ ಹೋಗಿದ್ದೇನೆ. ಮೊದಲ ಸಲ ಗೆಳೆಯರೆಲ್ಲ ಸೇರಿ ಒರತೆಯ ಗುಂಡಿಯ ಹೂಳು ತೆಗೆದು, ಆ ಕೊರಕಲಿಗೆ ಮೂರು ಕಡೆ ಕಲ್ಲಿನ ಅಡ್ಡಗಟ್ಟೆ ಹಾಕಿ ಬಂದೆವು. ಎರಡು ಗಂಟೆಯಲ್ಲಿ ಮಾಡಿದ ಹಾನಿಗೆ ಎರಡು ದಿನದ ಕೆಲಸ. ಎರಡನೇ ಸಲ ಹೋದಾಗ ಕಟ್ಟೆಯ ಹಿಂದೆ ಮಣ್ಣು ನಿಂತು ಅಲ್ಪಸ್ವಲ್ಪ ಹುಲ್ಲು ಬಂದಿತ್ತು. ಗಾಯ ಇನ್ನೂ ಮುಚ್ಚಿರಲಿಲ್ಲ. ಅವರ ಮನೆಯಲ್ಲಿ ಕಾಫಿ ಕುಡಿದು, ಗಾಡಿಯನ್ನು ಅಂಗಳದಲ್ಲೇ ಬಿಟ್ಟು, ಆ ಸಲ ಗುಡ್ಡವನ್ನು ನಡೆದೇ ಹತ್ತಿದೆವು.