ಚಿತ್ರದುರ್ಗ–ಶಿವಮೊಗ್ಗ ಸೀಮೆಯಲ್ಲಿ ಸ್ವತಂತ್ರ ಪಕ್ಷ (೧೯೫೯–೧೯೭೪)

೧೯೬೭ರ ಮಹಾಚುನಾವಣೆಯಲ್ಲಿ ಚಿತ್ರದುರ್ಗ ಲೋಕಸಭಾ ಕ್ಷೇತ್ರದಿಂದ ಸ್ವತಂತ್ರ ಪಕ್ಷದ ಶ್ರೀ ಜೆ. ಮಹಮದ್ ಇಮಾಂ ಅವರು ಆರಿಸಿಬಂದರು. ಆಗ ಮೈಸೂರು ರಾಜ್ಯದ ಮುಖ್ಯಮಂತ್ರಿಗಳಾಗಿದ್ದ ಶ್ರೀ ಎಸ್. ನಿಜಲಿಂಗಪ್ಪನವರು ವಕೀಲಿ ನಡೆಸಿ, ಕಾಂಗ್ರೆಸ್ಸನ್ನು ಕಟ್ಟಿ ಬೆಳೆಸಿದ ಊರು ಇದೇ ಚಿತ್ರದುರ್ಗ. ೧೯೫೨ರಲ್ಲಿ ಅವರು ಲೋಕಸಭೆಗೆ ಹೋದುದೂ ಈ ಕ್ಷೇತ್ರದಿಂದಲೇ. ಇಂಥ ನೆಲದಲ್ಲಿ ರಾಜಾಜಿಯವರ ಪಕ್ಷವು ಗೆದ್ದುದು ಹೇಗೆ, ಗೆದ್ದ ಪಕ್ಷವು ನಾಲ್ಕೇ ವರ್ಷಗಳಲ್ಲಿ ಕಾಣದಂತಾದುದು ಏಕೆ ಎಂಬುದು ಪ್ರಕೃತ ಲೇಖನದ ವಿಚಾರ. ಇಲ್ಲಿ ಪ್ರಸ್ತಾಪಿಸುವ ಜಗಳೂರು ತಾಲ್ಲೂಕು ಆಗ ಚಿತ್ರದುರ್ಗ ಜಿಲ್ಲೆಗೂ, ಚನ್ನಗಿರಿ ಮತ್ತು ಹೊನ್ನಾಳಿ ತಾಲ್ಲೂಕುಗಳು ಶಿವಮೊಗ್ಗ ಜಿಲ್ಲೆಗೂ ಸೇರಿದ್ದವು. ಇವೆಲ್ಲ ದಾವಣಗೆರೆ ಜಿಲ್ಲೆಯಲ್ಲಿ ಒಂದಾದುದು ೧೯೯೭ರಲ್ಲಿ. ನ್ಯಾಮತಿ ಬೇರೆ ತಾಲ್ಲೂಕಾದುದು ಅದಕ್ಕೂ ಈಚೆಗೆ.

ಸ್ವತಂತ್ರ ಪಕ್ಷದ ಹುಟ್ಟಿಗೆ ನೆಪವಾದುದು ೧೯೫೯ರ ಜನವರಿಯಲ್ಲಿ ನಾಗಪುರದ ಕಾಂಗ್ರೆಸ್ ಅಧಿವೇಶನವು ಅಂಗೀಕರಿಸಿದ ಸಹಕಾರಿ ಬೇಸಾಯದ ನಿರ್ಣಯ. ರೈತನ ಹೊಲ ರೈತನ ಕೈತಪ್ಪಿ ಹೋಗುವುದೆಂಬ ಭಯವನ್ನು ಮುಂದಿಟ್ಟುಕೊಂಡು ಅದೇ ವರ್ಷ ಶ್ರೀ ಸಿ. ರಾಜಗೋಪಾಲಾಚಾರ್ಯರು, ರೈತ ಮುಖಂಡರಾದ ಶ್ರೀ ಎನ್. ಜಿ. ರಂಗ, ಶ್ರೀ ಮೀನೂ ಮಸಾನಿ ಮೊದಲಾದವರು ಈ ಪಕ್ಷವನ್ನು ಸ್ಥಾಪಿಸಿದರು. ಭೂಮಿಯ ಮೇಲಿನ ಹಕ್ಕು, ವ್ಯಾಪಾರದ ಸ್ವಾತಂತ್ರ್ಯ, ಸರ್ಕಾರದ ಅಧಿಕಾರಕ್ಕೆ ಮಿತಿ, ಇವು ಅದರ ತತ್ತ್ವಗಳ ತಿರುಳು. ಪರ್ಮಿಟ್ಟು ಲೈಸೆನ್ಸುಗಳ ರಾಜ್ಯವೆಂದು ರಾಜಾಜಿಯವರು ಮೂದಲಿಸಿದ ಆಡಳಿತಕ್ಕೆ ಎದುರಾಗಿ ದೇಶದಲ್ಲಿ ಒಂದು ಸಂಪ್ರದಾಯಪರವಾದ, ಆದರೆ ಸಂಸದೀಯ ಕ್ರಮವನ್ನು ಒಪ್ಪಿದ ವಿರೋಧಪಕ್ಷವನ್ನು ನಿಲ್ಲಿಸುವುದು ಅವರ ಹಂಬಲವಾಗಿತ್ತು.

ಮೈಸೂರು ರಾಜ್ಯದಲ್ಲಿ ಪಕ್ಷದ ಬಲ ಮೊದಲಿನಿಂದಲೂ ಅಲ್ಪವೇ. ೧೯೬೨ರ ವಿಧಾನಸಭೆಯ ೨೦೮ ಸ್ಥಾನಗಳಲ್ಲಿ ಕಾಂಗ್ರೆಸ್ಸಿಗೆ ೧೩೮, ಸ್ವತಂತ್ರ ಪಕ್ಷಕ್ಕೆ ೯. ೧೯೬೭ರಲ್ಲಿ ೨೧೬ ಸ್ಥಾನಗಳ ಪೈಕಿ ಕಾಂಗ್ರೆಸ್ಸಿಗೆ ೧೨೬, ಸ್ವತಂತ್ರ ಪಕ್ಷಕ್ಕೆ ೧೬. ಆದರೆ ಅದೇ ವರ್ಷ ಲೋಕಸಭೆಗೆ ರಾಜ್ಯದಿಂದ ಹೋದ ೨೭ ಮಂದಿಯಲ್ಲಿ ೫ ಮಂದಿ ಈ ಪಕ್ಷದವರು. ಉಡುಪಿಯಿಂದ ನಿವೃತ್ತ ಐ.ಸಿ.ಎಸ್. ಅಧಿಕಾರಿ ಶ್ರೀ ಜೆ. ಎಂ. ಲೋಬೋ ಪ್ರಭು, ಚಿತ್ರದುರ್ಗದಿಂದ ಶ್ರೀ ಇಮಾಂ ಇವರಲ್ಲಿ ಇಬ್ಬರು.

ಈ ಗೆಲುವನ್ನು ಭೂಸುಧಾರಣೆಗೆ ಭೂಮಾಲಿಕರು ಕೊಟ್ಟ ಉತ್ತರವೆಂದು ವಿವರಿಸುವುದು ಸುಲಭ. ೧೯೬೧ರ ಮೈಸೂರು ಭೂಸುಧಾರಣಾ ಕಾಯಿದೆಯು ೧೯೬೫ರ ಅಕ್ಟೋಬರಿನಲ್ಲಿ ಜಾರಿಗೆ ಬಂದಿತ್ತು. ಚುನಾವಣೆ ನಡೆದುದು ಅದಾದ ಒಂದೂವರೆ ವರ್ಷದೊಳಗೆ. ಕಾಲದ ಹೊಂದಿಕೆಯೇನೋ ಚೆನ್ನಾಗಿದೆ. ಆದರೆ ಕಾಯಿದೆಯ ಒಳಗನ್ನು ನೋಡಿದರೆ ಈ ವಿವರಣೆ ಸಡಿಲಾಗುತ್ತದೆ. ಅದು ವಿಧಿಸಿದ ಮಿತಿ ೨೭ 'ಪ್ರಮಾಣ ಎಕರೆ'. ಪ್ರಮಾಣ ಎಕರೆಯೆಂದರೆ ಉತ್ತಮ ನೀರಾವರಿ ನೆಲದ ಒಂದು ಎಕರೆ. ಕೊನೆಯ ದರ್ಜೆಯ ಖುಷ್ಕಿಯಾದರೆ ಎಂಟು ಎಕರೆ. ಅಂದಮೇಲೆ ಒಣನೆಲದಲ್ಲಿ ಒಬ್ಬನು ೨೧೬ ಎಕರೆಯವರೆಗೆ ನಿರ್ಭಯವಾಗಿ ಇಟ್ಟುಕೊಳ್ಳಬಹುದಾಗಿತ್ತು. ಜಗಳೂರು ಮಳೆಯನ್ನೇ ನೆಚ್ಚಿದ, ಬರಕ್ಕೆ ಹೆಸರಾದ ತಾಲ್ಲೂಕು. ಅಲ್ಲಿಯ ಜೋಳ ರಾಗಿಗಳ ಸಾಮಾನ್ಯ ಒಕ್ಕಲಿಗನಿಗೆ ಈ ಮಿತಿಯಿಂದ ಯಾವ ಹೆದರಿಕೆಯೂ ಇರಲಿಲ್ಲ. ಕೊಟ್ಟೂ ತೀರದ ಸಾಲ, ಬಾರದ ಮಳೆ, ಇವು ಅವನ ಚಿಂತೆಗಳು. ನಾಗಪುರದ ನಿರ್ಣಯವು ಅವನ ಕಣದವರೆಗೆ ಬಂದಿತೆಂದು ನಂಬುವುದು ಕಷ್ಟ.

ನಮ್ಮ ಅಭಿಪ್ರಾಯದಲ್ಲಿ ಬೀಗದಕೈ ಇರುವುದು ಪಕ್ಷದ ತತ್ತ್ವದಲ್ಲಿ ಅಲ್ಲ, ಅಭ್ಯರ್ಥಿಯ ಚರಿತ್ರೆಯಲ್ಲಿ. ಶ್ರೀ ಇಮಾಂ ಅವರು ಜಗಳೂರಿನವರು. ಸ್ವಾತಂತ್ರ್ಯಕ್ಕೆ ಮುಂಚೆಯೇ, ದಿವಾನರ ಆಡಳಿತದ ಕಾಲದಲ್ಲಿ, ಮೈಸೂರು ಸಂಸ್ಥಾನದ ಮಂತ್ರಿಗಳಾಗಿದ್ದವರು. ೧೯೫೭ರಲ್ಲಿ ಇದೇ ಚಿತ್ರದುರ್ಗ ಕ್ಷೇತ್ರದಿಂದ ಅವರು ಒಮ್ಮೆ ಲೋಕಸಭೆಗೆ ಆರಿಸಿಬಂದಿದ್ದರು. ಆದರೆ ಅಂದು ಅವರು ನಿಂತುದು ಪ್ರಜಾ ಸೋಷಲಿಸ್ಟ್ ಪಕ್ಷದಿಂದ! ೧೯೬೨ರಲ್ಲಿ ಕಾಂಗ್ರೆಸ್ಸಿನ ಶ್ರೀ ಎಸ್. ವೀರಬಸಪ್ಪನವರು ಕ್ಷೇತ್ರವನ್ನು ಹಿಂದಕ್ಕೆ ಪಡೆದರು. ೧೯೬೭ರಲ್ಲಿ ಶ್ರೀ ಇಮಾಂ ಅವರು ಪುನಃ ಗೆದ್ದರು. ಪ್ರಜಾ ಸೋಷಲಿಸ್ಟ್ ಪಕ್ಷವು ಭೂಮಿಯನ್ನು ಹಂಚಬೇಕೆಂದು ಹೇಳುತ್ತಿದ್ದ ಪಕ್ಷ. ಸ್ವತಂತ್ರ ಪಕ್ಷವು ಹಂಚಲಾಗದೆಂದು ಹೇಳಲಿಕ್ಕಾಗಿಯೇ ಹುಟ್ಟಿದ ಪಕ್ಷ. ೧೯೫೭ರಲ್ಲಿ ಗುಡಿಸಲಿನ ಚಿತ್ರವಿದ್ದ ಪೆಟ್ಟಿಗೆಯೊಳಗೆ ಚೀಟಿ ಹಾಕಿದವರ ಸೀಮೆಯೇ ಹತ್ತು ವರ್ಷಗಳ ತರುವಾಯ ನಕ್ಷತ್ರದ ಗುರುತಿಗೆ ಮುದ್ರೆಯೊತ್ತಿತು. ಈ ಅವಧಿಯಲ್ಲಿ ಕ್ಷೇತ್ರದ ಜನರೆಲ್ಲರೂ ಸಮಾಜವಾದದಿಂದ ಸಂಪ್ರದಾಯವಾದಕ್ಕೆ ಮತಾಂತರಗೊಂಡರೆಂದು ಯಾರೂ ಹೇಳಲಾರರು. ಎರಡು ಸಲವೂ ಬದಲಾಗದೆ ಉಳಿದವು ಎರಡೇ: ವ್ಯಕ್ತಿ, ಮತ್ತು ಕಾಂಗ್ರೆಸ್ಸಿಗೆ ವಿರೋಧ. ಮುಸಲ್ಮಾನರು ಅಲ್ಪಸಂಖ್ಯಾತರಾಗಿರುವ ಕ್ಷೇತ್ರದಲ್ಲಿ ಈ ಎರಡು ಗೆಲುವುಗಳು ಬಂದುವೆಂಬುದನ್ನು, ಚುನಾವಣೆಯೆಂದರೆ ಜಾತಿಯ ಲೆಕ್ಕವೆಂದೇ ಬರೆಯುವವರು ಗಮನಿಸುವುದು ಒಳ್ಳೆಯದು.

ವಿರೋಧದ ಈ ಒಲವು ಒಂದು ಕ್ಷೇತ್ರದ ವಿಚಿತ್ರವಲ್ಲ. ೧೯೬೨ರಲ್ಲಿ ಸ್ವತಃ ಶ್ರೀ ನಿಜಲಿಂಗಪ್ಪನವರು ಹೊಸದುರ್ಗ ವಿಧಾನಸಭಾ ಕ್ಷೇತ್ರದಲ್ಲಿ ಪ್ರಜಾ ಸೋಷಲಿಸ್ಟ್ ಪಕ್ಷದ ಶ್ರೀ ಜಿ. ಟಿ. ರಂಗಪ್ಪನವರಿಗೆ ಸೋತು, ಬಾಗಲಕೋಟೆಯಿಂದ ವಿಧಾನಸಭೆಯನ್ನು ಸೇರಬೇಕಾಯಿತು. ಪಕ್ಕದ ಶಿವಮೊಗ್ಗದಲ್ಲಿ ೧೯೬೭ರಲ್ಲಿ ಸಂಯುಕ್ತ ಸೋಷಲಿಸ್ಟ್ ಪಕ್ಷದ ಶ್ರೀ ಜೆ. ಎಚ್. ಪಟೇಲರು ಗೆದ್ದರು. ಚನ್ನಗಿರಿ ತಾಲ್ಲೂಕಿನ ಕಾರಿಗನೂರಿನವರಾದ ಪಟೇಲರು ಲೋಕಸಭೆಯಲ್ಲಿ ಕನ್ನಡದಲ್ಲಿ ಮಾತನಾಡಿ ಹೆಸರಾದುದು ಸುಪರಿಚಿತ. ಹೀಗೆ ಒಂದೇ ಚುನಾವಣೆಯಲ್ಲಿ, ಒಂದಕ್ಕೊಂದು ತಾಗಿದ ಎರಡು ಕ್ಷೇತ್ರಗಳಲ್ಲಿ, ಒಂದು ಕಡೆ ಬಲಪಂಥವೂ ಇನ್ನೊಂದು ಕಡೆ ಎಡಪಂಥವೂ ಗೆದ್ದುವು. ಎರಡೂ ಕಡೆ ಸೋತುದು ಜೋಡೆತ್ತು.

ಈ ಪಕ್ಷವು ಯಾರನ್ನು ಮುಟ್ಟಲಾರದಾಗಿತ್ತು ಎಂಬುದನ್ನೂ ನೋಡಬೇಕು. ಅಂದಿನ ಹೊನ್ನಾಳಿ ತಾಲ್ಲೂಕಿನ ಸೂರಗೊಂಡನಕೊಪ್ಪವು ಸಂತ ಸೇವಾಲಾಲರ ಜನ್ಮಸ್ಥಳವೆಂದು ಲಂಬಾಣಿಗರಿಗೆ ಪವಿತ್ರವಾದುದು. ಲಂಬಾಣಿಗರ ಪೂರ್ವಿಕರು ಎತ್ತುಗಳ ಮೇಲೆ ಧಾನ್ಯವನ್ನೂ ಉಪ್ಪನ್ನೂ ಹೇರಿಕೊಂಡು ದೇಶವೆಲ್ಲ ಸುತ್ತಿದ ವ್ಯಾಪಾರಿಗಳು. ರೈಲು ರಸ್ತೆಗಳು ಬಂದು ಆ ಕಸುಬು ಮುರಿದಮೇಲೆ ತಾಂಡಾಗಳಲ್ಲಿ ನೆಲೆಸಿ ಕೂಲಿಗೂ ಬೇಸಾಯಕ್ಕೂ ಇಳಿದವರು. ವ್ಯಾಪಾರದ ಸ್ವಾತಂತ್ರ್ಯವು ತಾತಂದಿರಿಗೆ ಬೇಕಾಗಿದ್ದಿರಬಹುದು. ಮೊಮ್ಮಕ್ಕಳಿಗೆ ಬೇಕಾಗಿದ್ದುದು ಸಾಗುವಳಿಗೆ ಒಂದು ತುಂಡು ನೆಲ, ಅದಕ್ಕೊಂದು ಸರ್ಕಾರಿ ಚೀಟಿ. ಸರ್ಕಾರದ ಕೈ ಚಿಕ್ಕದಾಗಬೇಕೆಂಬ ಪಕ್ಷಕ್ಕೆ, ಸರ್ಕಾರದ ಕೈಯನ್ನೇ ಎದುರುನೋಡುತ್ತಿದ್ದವರೊಡನೆ ಹೇಳಲು ಹೆಚ್ಚು ಮಾತುಗಳಿರಲಿಲ್ಲ.

ಇತರ ಪ್ರಾಂತಗಳಲ್ಲಿ ಪಕ್ಷಕ್ಕೆ ಒದಗಿದ ಆಧಾರವೂ ಇಲ್ಲಿ ಒದಗಲಿಲ್ಲ. ರಾಜಸ್ಥಾನದಲ್ಲಿ ಜಯಪುರದ ಮಹಾರಾಣಿ ಗಾಯತ್ರೀದೇವಿಯವರು, ಒರಿಸ್ಸದಲ್ಲಿ ಮಾಜಿ ಸಂಸ್ಥಾನಿಕರು ಕಟ್ಟಿದ್ದ ಗಣತಂತ್ರ ಪರಿಷತ್ತು ಸ್ವತಂತ್ರ ಪಕ್ಷಕ್ಕೆ ಸಿದ್ಧವಾದ ಬಳಗವನ್ನೇ ತಂದುಕೊಟ್ಟರು. ಮೈಸೂರಿನಲ್ಲಿ ಶ್ರೀ ಜಯಚಾಮರಾಜ ಒಡೆಯರು ರಾಜ್ಯಪಾಲರ ಪದವಿಯಲ್ಲಿದ್ದರು. ಅರಮನೆಯು ಪಕ್ಷರಾಜಕೀಯದಿಂದ ದೂರ ಉಳಿಯಿತು. ಇದಕ್ಕಿಂತ ಮುಖ್ಯವಾದುದು ಇನ್ನೊಂದು. ೧೯೧೭ರ ಪ್ರಜಾಮಿತ್ರ ಮಂಡಲಿಯ ಪರಂಪರೆಗೆ ಸೇರಿದ ಭೂಮಾಲಿಕ ಮುಖಂಡರಲ್ಲಿ ಅನೇಕರು ೧೯೩೭ರ ಹೊತ್ತಿಗೆ ಕಾಂಗ್ರೆಸ್ಸನ್ನು ಸೇರಿದ್ದರು. ಅರ್ಥಾತ್, ಹಳೆಯ ಮೈಸೂರಿನಲ್ಲಿ ಸಂಪ್ರದಾಯವಾದದ ದೊಡ್ಡ ಶಾಖೆಯು ಕಾಂಗ್ರೆಸ್ಸಿನ ಒಳಗೇ ಇತ್ತು. ಊರಿನ ಪಟೇಲರೂ ಸಾಹುಕಾರರೂ ಆಳುವ ಪಕ್ಷದಲ್ಲಿಯೇ ಸುಖವಾಗಿದ್ದಾಗ ಅವರ ಹೆಸರಿನಲ್ಲಿ ಇನ್ನೊಂದು ಪಕ್ಷ ಬೆಳೆಯಲು ಎಡೆಯೆಲ್ಲಿ? ಹೊರಗೆ ಉಳಿದಿದ್ದ ಕೆಲವರು ಹಿರಿಯರಿಗೆ ಮಾತ್ರ ಅದು ನೆರಳಾಯಿತು.

ಆ ನೆರಳೂ ಹೋದುದು ೧೯೬೯ರಲ್ಲಿ. ಅಖಿಲ ಭಾರತ ಕಾಂಗ್ರೆಸ್ಸಿನ ಅಧ್ಯಕ್ಷರಾಗಿದ್ದ ಶ್ರೀ ನಿಜಲಿಂಗಪ್ಪನವರು ಆ ವರ್ಷದ ನವೆಂಬರಿನಲ್ಲಿ ಶ್ರೀಮತಿ ಇಂದಿರಾ ಗಾಂಧಿಯವರನ್ನು ಪಕ್ಷದಿಂದ ಉಚ್ಚಾಟಿಸಿದರು, ಕಾಂಗ್ರೆಸ್ಸು ಎರಡಾಯಿತು. ಬ್ಯಾಂಕುಗಳ ರಾಷ್ಟ್ರೀಕರಣದ ಆ ದಿನಗಳಲ್ಲಿ ಸಂಸ್ಥಾ ಕಾಂಗ್ರೆಸ್ಸಿಗೆ ಬಲಪಂಥದ ಹಣೆಪಟ್ಟಿ ಬಿದ್ದಿತು. ಚಿತ್ರದುರ್ಗದಲ್ಲಿ ಸ್ವತಂತ್ರ ಪಕ್ಷವು ಯಾರ ಎದುರು ನಿಂತು ಗೆದ್ದಿತ್ತೋ ಅವರೇ ಈಗ ಅದು ನಿಲ್ಲಬಹುದಾಗಿದ್ದ ಜಾಗಕ್ಕೆ ಬಂದು ನಿಂತರು. ೧೯೭೧ರಲ್ಲಿ ಸಂಸ್ಥಾ ಕಾಂಗ್ರೆಸ್ಸು, ಜನಸಂಘ, ಸ್ವತಂತ್ರ ಪಕ್ಷ, ಸಂಯುಕ್ತ ಸೋಷಲಿಸ್ಟ್ ಪಕ್ಷ ಒಂದಾಗಿ ಹೂಡಿದ ಮೈತ್ರಿಕೂಟವು ಮೈಸೂರು ರಾಜ್ಯದಲ್ಲಿ ಒಂದು ಸ್ಥಾನವನ್ನೂ ಪಡೆಯಲಿಲ್ಲ. ೨೭ ಸ್ಥಾನಗಳೂ ಶ್ರೀಮತಿ ಗಾಂಧಿಯವರ ಕಾಂಗ್ರೆಸ್ಸಿಗೆ ಹೋದುವು. ಚಿತ್ರದುರ್ಗದಿಂದ ಶ್ರೀ ಕೊಂಡಜ್ಜಿ ಬಸಪ್ಪನವರು ಆರಿಸಿಬಂದರು. ದೇಶದಲ್ಲಿ ೧೯೬೭ರಲ್ಲಿ ೪೪ ಸ್ಥಾನ ಗಳಿಸಿದ್ದ ಸ್ವತಂತ್ರ ಪಕ್ಷವು ೮ಕ್ಕೆ ಇಳಿಯಿತು. ೧೯೭೨ರ ಡಿಸೆಂಬರಿನಲ್ಲಿ ರಾಜಾಜಿಯವರು ತೀರಿಕೊಂಡರು. ೧೯೭೪ರಲ್ಲಿ ಪಕ್ಷದ ಹೆಚ್ಚಿನವರು ಭಾರತೀಯ ಲೋಕದಳದಲ್ಲಿ ವಿಲೀನರಾದರು. ಅದೇ ವರ್ಷದ ಮಾರ್ಚಿನಿಂದ ಜಾರಿಗೆ ಬಂದ ತಿದ್ದುಪಡಿಯು ಒಣನೆಲದ ಮಿತಿಯನ್ನು ೫೪ ಎಕರೆಗೆ ಇಳಿಸಿ, ಗೇಣಿ ಪದ್ಧತಿಯನ್ನು ತೆಗೆದುಹಾಕಿತು. ಅದನ್ನು ತತ್ತ್ವತಃ ವಿರೋಧಿಸಲೆಂದೇ ಹುಟ್ಟಿದ್ದ ಪಕ್ಷದ ಒಬ್ಬ ಸದಸ್ಯನೂ ಆ ಹೊತ್ತಿಗೆ ಈ ಸೀಮೆಯಿಂದ ಲೋಕಸಭೆಯಲ್ಲಿರಲಿಲ್ಲ.